ಡೀಟರನ ಕಾರಿಗೆ ಹೂ ಕಟ್ಟಿದ್ದು

ಜರ್ಮನಿಗೆ ಹೋಗಿ ಬಂದವರು ಕೋಟೆ, ನದಿ, ಸೇತುವೆಗಳ ಬಗ್ಗೆ ಹೇಳುತ್ತಾರೆ. ನಾನೂ ಅವನ್ನೆಲ್ಲ ನೋಡಿದೆ, ಕಾರಿನ ಕಿಟಕಿಯಿಂದ. ಆದರೆ ನಾನು ಹೋದದ್ದು ಅದಕ್ಕಲ್ಲ. ಒಂದು ಕಾರಿಗೆ ಹೂ ಕಟ್ಟುವುದಕ್ಕಾಗಿ ಎರಡು ವಿಮಾನ ಬದಲಿಸಿ ಹೋದ ಮನುಷ್ಯ ನಾನು. ಮಾನ್ವಿಯಲ್ಲಿ ಇದನ್ನು ಹೇಳಿದರೆ ಯಾರೂ ನಗಲಿಲ್ಲ. ಬದಲಿಗೆ, ಅಲ್ಲಿ ಚೆಂಡುಹೂವು ಸಿಗ್ತಾವೇನ್ರಿ ಸರ್ ಎಂದು ಕಾಳಜಿಯಿಂದ ಕೇಳಿದರು.

ನಾನು ಮಾನ್ವಿಯ ಹೈಸ್ಕೂಲಿನಲ್ಲಿ ಚಿತ್ರಕಲೆಯ ಮಾಸ್ತರ. ಬಳಗದವರಿಗೆ ಮಾತ್ರ ಕಾರಿನ ಮಾಸ್ತರ. ಹಿರೇಕೊಟ್ನೆಕಲ್ಲಿನಿಂದ ಗಿಲ್ಲೆಸುಗೂರಿನವರೆಗೆ ನಮ್ಮವರಲ್ಲಿ ಯಾರ ಮದುವೆಯಾದರೂ ಮದುಮಕ್ಕಳ ಕಾರು ನನ್ನ ಕೈಗೇ ಬರುತ್ತದೆ. ನನ್ನದೇ ಒಂದು ಶೈಲಿಯುಂಟು. ಮುಂದಿನ ಗಾಜಿನ ಮೇಲೆ ಚೆಂಡುಹೂವಿನ ಸರಗಳನ್ನು ಪರದೆಯಂತೆ ಇಳಿಬಿಟ್ಟು, ಡ್ರೈವರನಿಗೆ ಒಂದು ಕಿಂಡಿ ಮಾತ್ರ ಬಿಡುತ್ತೇನೆ. ಕಿಂಡಿ ಸಣ್ಣದಾದಷ್ಟೂ ಕಾರಿಗೆ ಕಳೆ ಹೆಚ್ಚು. ಡ್ರೈವರುಗಳು ಗೊಣಗುತ್ತಾರೆ. ಆದರೆ ನಮ್ಮ ಕಡೆ ಮದುವೆ ಕಾರು ಬ್ಯಾಂಡಿನವರ ಹಿಂದೆ ಆಮೆಯ ಹಾಗೆ ಹೋಗುವುದರಿಂದ ಇದುವರೆಗೆ ಯಾರಿಗೂ ಏನೂ ಆಗಿಲ್ಲ.

ದೇವದುರ್ಗ

ನನ್ನ ಅಕ್ಕ ಈರಮ್ಮ ದೇವದುರ್ಗದವಳು. ಭಾವ ತೀರಿಕೊಂಡ ಮೇಲೆ ಕುರಿ ಸಾಕಿಕೊಂಡೇ ಒಬ್ಬಳೇ ಮಗಳು ರೇಣುಕಾಳನ್ನು ನರ್ಸಿಂಗ್ ಓದಿಸಿದಳು. ರೇಣುಕಾ ಜರ್ಮನಿಯ ಒಂದು ಸಣ್ಣ ಊರಿನ ಆಸ್ಪತ್ರೆಗೆ ನರ್ಸಾಗಿ ಹೋದಳು. ಅಲ್ಲಿಯೇ ಆಂಬುಲೆನ್ಸಿನಲ್ಲಿ ಕೆಲಸ ಮಾಡುವ ಯೋನಾಸ್ ಎಂಬ ಹುಡುಗನನ್ನು ಮೆಚ್ಚಿಕೊಂಡಳು. ಅಕ್ಕ ಒಂದು ವಾರ ಮಾತು ಬಿಟ್ಟಳು. ಎರಡನೇ ವಾರ ಅಳಿಯನಿಗೆ ರೊಟ್ಟಿ ತಿನ್ನಲು ಬರುತ್ತದೋ ಇಲ್ಲವೋ ಎಂದು ವಿಚಾರಿಸಿದಳು. ಬರುತ್ತದೆ, ಖಾರದ ಚಟ್ನಿಗೆ ಮಾತ್ರ ಕಣ್ಣೀರು ಹಾಕುತ್ತಾನೆ ಎಂದು ತಿಳಿದ ಮೇಲೆ ಒಪ್ಪಿಕೊಂಡಳು.

ಅವಳ ಸಂಕಟ ಬೇರೆಯೇ ಇತ್ತು. ಮದುವೆ ಅಲ್ಲಿಯ ನೋಂದಣಿ ಕಚೇರಿಯಲ್ಲಿ. ಹಂದರ ಇಲ್ಲ, ಅರಿಶಿನ ಇಲ್ಲ, ಬ್ಯಾಂಡು ಇಲ್ಲ. ಓಣಿಯವರು ಸುಮ್ಮನಿರುತ್ತಾರೆಯೇ?

"ಸಹಿ ಹಾಕಿ ಬರೋದು ರೇಷನ್ ಕಾರ್ಡಿಗೆ ಯವ್ವಾ, ಮದುವಿಗಲ್ಲ ಅಂತಾರ ಎಲ್ಲಾರೂ," ಎಂದಳು ಅಕ್ಕ. ಕಣ್ಣು ಒರೆಸಿಕೊಂಡಳು. "ಲೇ ತಮ್ಮಾ, ನನ್ನ ಮಗಳು ಮದುವಿ ಆದಳು ಅಂತ ನನ್ನ ಕಣ್ಣಿಗೆ ಕಾಣಬೇಕು ನೋಡು. ಹೂವಿನ ಕಾರಿನ್ಯಾಗ ಕುಂತು ಹೊಂಟಿದ್ದು ಫೋನಿನ್ಯಾಗ ನೋಡಿದ್ರ ಸಾಕು. ಓಣಿ ಮಂದೀನೆಲ್ಲ ಕರೆದು ತೋರಿಸ್ತೀನಿ."

"ನೀನ ಬಾ ಯಕ್ಕಾ," ಎಂದೆ.

"ನಾನಾ? ಯಾಪಲದಿನ್ನಿಗೆ ಬಸ್ಸಿನ್ಯಾಗ ಹೋಗಿಬರೋದ್ರಾಗ ಮೂರು ನಿಂಬಿಹಣ್ಣು ಮೂಸಬೇಕು ನನಗ. ವಿಮಾನದಾಗ ಎಷ್ಟು ಗಿಡ ಬೇಕಾದೀತು?"

ಹೀಗೆ ಸೋದರಮಾವನ ಹೆಗಲಿಗೆ ಕಾರು ಬಿತ್ತು. ಅದರ ಜೊತೆಗೆ ಒಂದು ಕರಿ ಕಂಬಳಿಯೂ ಬಿತ್ತು. ಕಾರಿನ ಸೀಟಿನ ಮೇಲೆ ಹಾಸಿ ಅದರ ಮೇಲೆಯೇ ಮದುಮಗಳನ್ನು ಕೂರಿಸಬೇಕೆಂದು ಅಕ್ಕನ ಕಟ್ಟಪ್ಪಣೆ.

ರಾಯಚೂರು

ರಾಯಚೂರಿನ ಮಾರುಕಟ್ಟೆಯಲ್ಲಿ ಹೂ ಕಟ್ಟುವ ದಾರದ ಎಂಟು ಉಂಡೆ ಕೊಂಡೆ. ಅಂಗಡಿಯವನು ನನ್ನನ್ನು ಬಲ್ಲವನು. ಈ ಸಲ ಯಾವ ಊರಿನ ಕಾರು ಎಂದು ಕೇಳಿದ. ಜರ್ಮನಿ ಎಂದೆ. "ಅದು ಲಿಂಗಸುಗೂರು ಕಡೆ ಬರ್ತದೇನ್ರಿ?" ಎಂದು ಮುಖದ ಮೇಲೆ ನಗುವಿಲ್ಲದೆ ಕೇಳಿ, ಇನ್ನೊಂದು ಉಂಡೆ ಪುಗಸಟ್ಟೆ ಹಾಕಿದ. ಅಲ್ಲಿಂದ ರೈಲಿನಲ್ಲಿ ಹೈದರಾಬಾದ್, ಅಲ್ಲಿಂದ ವಿಮಾನ. ವಿಮಾನದಲ್ಲಿ ಹೆದರಿದೆನೋ ಇಲ್ಲವೋ ಎಂಬುದು ನನಗೂ ಪಕ್ಕದ ಸೀಟಿನವನಿಗೂ ಗೊತ್ತು. ಅವನ ತೋಳು ಈಗ ವಾಸಿಯಾಗಿರಬಹುದು.

ಇಳಿದ ದಿನ

ಅಲ್ಲಿಯ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಅಧಿಕಾರಿ ನನ್ನ ಪೆಟ್ಟಿಗೆ ತೆಗೆಸಿದಳು. ಕಂಬಳಿಯನ್ನು ಎರಡು ಬೆರಳಲ್ಲಿ ಎತ್ತಿ ಮೂಗಿನ ಹತ್ತಿರ ತಂದಳು. ನಮ್ಮ ಕುರಿಗಳ ಪರಿಚಯ ಅವಳಿಗೆ ಆ ಕ್ಷಣದಲ್ಲಿ ಚೆನ್ನಾಗಿಯೇ ಆಯಿತು. ಆಮೇಲೆ ದಾರದ ಒಂಬತ್ತು ಉಂಡೆಗಳನ್ನು ಸಾಲಾಗಿ ಇಟ್ಟು, ಏನು ಉದ್ಯೋಗ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಮಾಸ್ತರ, ಮದುವೆ, ಕಾರು ಎಂದು ನನ್ನ ಇಂಗ್ಲಿಷಿನ ಗಂಟನ್ನೆಲ್ಲ ಬಿಚ್ಚಿದೆ. ಅವಳಿಗೆ ಏನು ಅರ್ಥವಾಯಿತೋ, ಶುಭಾಶಯ ಹೇಳಿ ಬಿಟ್ಟಳು. ಮದುಮಗ ನಾನೇ ಎಂದುಕೊಂಡಳೆಂದು ನನ್ನ ಅನುಮಾನ.

ಹೊರಗೆ ರೇಣುಕಾ ಮತ್ತು ಯೋನಾಸ್ ನಿಂತಿದ್ದರು. ಯೋನಾಸ್ ಬಗ್ಗಿ ನನ್ನ ಕಾಲು ಮುಟ್ಟಿದ. ಆರೂವರೆ ಅಡಿಯ ಹುಡುಗ ಬಗ್ಗುವುದಕ್ಕೂ ಏಳುವುದಕ್ಕೂ ಸಾಕಷ್ಟು ಹೊತ್ತು ಹಿಡಿಯಿತು. ನಾನು ರೂಢಿಯಂತೆ ಕಾರಿನ ಎಡಬಾಗಿಲು ತೆಗೆದು ಕೂತೆ. ಎದುರಿಗೆ ಸ್ಟೇರಿಂಗ್ ಇತ್ತು. "ಮಾಮಾ, ನೀವ ಹೊಡಿತೀರೇನು?" ಎಂದು ರೇಣುಕಾ ನಕ್ಕಳು. ನಾನೂ ನಕ್ಕು ಆ ಕಡೆ ಹೋದೆ. ನಗುವುದನ್ನು ಬಿಟ್ಟು ಆಗಲೇ ಒಂದು ಗಳಿಗೆ ಯೋಚನೆ ಮಾಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಯೋನಾಸನ ಅಪ್ಪ ಡೀಟರ್. ಎಪ್ಪತ್ತು ದಾಟಿದ, ನೇರ ಬೆನ್ನಿನ ಮನುಷ್ಯ. ಮದುವೆಗೆ ಅವನದೇ ಕಾರು. ಕೆನೆಬಣ್ಣದ್ದು, ವಯಸ್ಸಿನಲ್ಲಿ ಯೋನಾಸನಿಗಿಂತ ದೊಡ್ಡದು. ಶೆಡ್ಡಿನಲ್ಲಿ ಅದಕ್ಕೆ ಹತ್ತಿಬಟ್ಟೆಯ ಹೊದಿಕೆ ಬೇರೆ. ಡೀಟರ್ ಅದನ್ನು ಸರಿಸಿದ ರೀತಿ ನೋಡಿದರೆ ನಮ್ಮ ಹೆಣ್ಣುಮಕ್ಕಳು ಮಲಗಿದ ಕೂಸಿನ ಮೇಲಿನ ದುಪಟಿ ಸರಿಸುವುದು ನೆನಪಾಯಿತು. ಅವನು ಜರ್ಮನ್ ಬಿಟ್ಟು ಬೇರೆ ಆಡುವುದಿಲ್ಲ. ಅವನ ಮಾತನ್ನೆಲ್ಲ ರೇಣುಕಾ ನನಗೆ ನಮ್ಮ ಭಾಷೆಯಲ್ಲಿ ದಾಟಿಸುತ್ತಿದ್ದಳು. ಹೀಗಾಗಿ ನನ್ನ ನೆನಪಿನಲ್ಲಿ ಆ ಮುದುಕ ಇಂದಿಗೂ ಅಪ್ಪಟ ದೇವದುರ್ಗದ ಕನ್ನಡವನ್ನೇ ಆಡುತ್ತಾನೆ.

"ಟೇಪ್ ಹಚ್ಚಬ್ಯಾಡ್ರಿ," ಎಂದ ಡೀಟರ್. "ಗೋಂದು ಹಚ್ಚಬ್ಯಾಡ್ರಿ. ಬಣ್ಣ ಕಿತ್ತು ಬರ್ತದ. ಲೈಟು ಮುಚ್ಚಬ್ಯಾಡ್ರಿ, ನಂಬರ್ ಪ್ಲೇಟು ಮುಚ್ಚಬ್ಯಾಡ್ರಿ. ಉಳಿದದ್ದೆಲ್ಲ ನಿಮ್ಮ ಖುಷಿ."

ಏನು ಉಳಿಯಿತು ಎಂದು ನಾನು ಕೇಳಲಿಲ್ಲ. ಬೀಗರ ಮುಂದೆ ಹಾಗೆಲ್ಲ ಕೇಳಬಾರದು.

ಹೂವಿನ ಅಂಗಡಿ

ಮರುದಿನ ಹೂವಿನ ಅಂಗಡಿಗೆ ಹೋದೆವು. ಅಂಗಡಿ ದವಾಖಾನೆಯಷ್ಟು ಶುಚಿ, ಅಷ್ಟೇ ಮೌನ. ನಮ್ಮಲ್ಲಿ ಹೂವನ್ನು ಮೊಳದಿಂದ ಅಳೆಯುತ್ತಾರೆ, ಅಳೆಯುವವಳ ಕೈ ಗಿಡ್ಡವೋ ಉದ್ದವೋ ಎಂದು ಜಗಳವಾಗುತ್ತದೆ. ಅಲ್ಲಿ ಒಂದೊಂದೇ ಕಡ್ಡಿ ಎಣಿಸುತ್ತಾರೆ, ಯಾರೂ ಜಗಳ ಆಡುವುದಿಲ್ಲ. ಮದುವೆ ಕಾರಿಗೆ ಎಂದಾಗ ಅಂಗಡಿಯಾಕೆ ತಟ್ಟೆಯಷ್ಟು ಅಗಲದ ಒಂದು ಗುಚ್ಛ ತಂದಳು. ಅದರ ಕೆಳಗೆ ರಬ್ಬರಿನ ಬಟ್ಟಲು. ಬಾನೆಟ್ಟಿನ ಮೇಲೆ ಒತ್ತಿದರೆ ಅಂಟಿಕೊಳ್ಳುತ್ತದೆ. ಮುಗಿಯಿತು ಶೃಂಗಾರ.

"ಉಳಿದದ್ದು ಎಲ್ಲಿ?" ಎಂದೆ.

"ಇಷ್ಟ ಮಾಮಾ," ಎಂದಳು ರೇಣುಕಾ. "ಬಂದ ಮಂದಿ ತಮ್ಮ ತಮ್ಮ ಕಾರಿನ ಆಂಟೆನಾಕ್ಕ ಒಂದು ಬಿಳಿ ರಿಬ್ಬನ್ ಕಟ್ಕೋತಾರ. ಆಮ್ಯಾಲ ಹಾರ್ನ್ ಹೊಡ್ಕೋತ ಹೋಗ್ತಾರ. ಮಸ್ತ್ ಇರ್ತದ."

ನನಗೆ ಅಕ್ಕನ ಓಣಿ ಕಣ್ಣಮುಂದೆ ಬಂತು. ಇಷ್ಟು ದೊಡ್ಡ ಕಾರಿನ ಮೂಗಿನ ಮೇಲೆ ಒಂದು ಹೂವಿನ ತಟ್ಟೆ. ಕಾರಿಗೆ ಮೊಡವೆ ಎದ್ದದ ಎಂದು ಮೊದಲು ಯಾರು ಹೇಳುತ್ತಾರೆಂಬುದೂ ನನಗೆ ಗೊತ್ತಿತ್ತು. ತಲೆಯಾಡಿಸಿ ಹೊರಬಂದೆ. ಚೆಂಡುಹೂವಿಲ್ಲದ ಊರಿಗೆ ಬಂದು ಮೋಸಹೋದೆ ಎಂದುಕೊಂಡೆ.

ಹೆಲ್ಗಾಳ ತೋಟ

ಚೆಂಡುಹೂವು ಸಿಕ್ಕಿದ್ದು ಡೀಟರನ ಹೆಂಡತಿ ಹೆಲ್ಗಾಳ ಹಿತ್ತಲಿನಲ್ಲಿ. ಟೊಮ್ಯಾಟೊ ಮಡಿಗಳ ಸುತ್ತ, ಹುಳ ಬರಬಾರದೆಂದು, ಬೇಲಿಯ ಹಾಗೆ ಹಾಕಿದ್ದಳು. ನಾನು ಕುಣಿದಾಡಿದೆ. ಇಷ್ಟು ಸಾಲದು ಎಂದಾಗ ಹೆಲ್ಗಾ ಅಕ್ಕಪಕ್ಕದ ಆರು ಮನೆಯ ಗಂಟೆ ಒತ್ತಿ ಬಂದಳು. ಸಂಜೆಯೊಳಗೆ ಹನ್ನೊಂದು ಬುಟ್ಟಿ, ಚೆಂಡುಹೂವಿನ ಜೊತೆಗೆ ಸೇವಂತಿಗೆ, ಡೇರೆಹೂವು ಬೇರೆ. ಪಾಪ, ಆ ಬೀದಿಯ ಟೊಮ್ಯಾಟೊಗಳನ್ನು ಆ ವರ್ಷ ದೇವರೇ ಕಾಯಬೇಕಿತ್ತು.

ಬುಟ್ಟಿ ತಂದ ಹೆಂಗಸರು ಅಲ್ಲೇ ಕೂತು ಹೂ ಕಟ್ಟುವುದು ಕಲಿತರು. ನಮ್ಮವ್ವ ನನಗೆ ಕಲಿಸುವಾಗ ತಲೆಗೆ ಮೊಟಕುತ್ತಿದ್ದಳು. ಇವರಿಗೆ ಮೊಟಕುವ ಅಗತ್ಯ ಬೀಳಲಿಲ್ಲ. ಒಬ್ಬಳು ಚೀಲದಿಂದ ಅಳತೆಪಟ್ಟಿ ತೆಗೆದು, ಹೂವಿಗೂ ಹೂವಿಗೂ ನಡುವೆ ಎಷ್ಟು ಮಿಲಿಮೀಟರ್ ಎಂದು ಕೇಳಿದಳು. ನಾನು ಇವತ್ತಿನವರೆಗೆ ಆ ಪ್ರಶ್ನೆ ಕೇಳಿಕೊಂಡವನಲ್ಲ. ಐದು ಎಂದೆ, ಬಾಯಿಗೆ ಬಂದದ್ದು. ಐದೆಂದರೆ ಐದೇ. ಅಷ್ಟು ನೇರವಾದ ಚೆಂಡುಹೂವಿನ ಸರವನ್ನು ನಾನು ರಾಯಚೂರು ಜಿಲ್ಲೆಯಲ್ಲೇ ಕಂಡಿಲ್ಲ.

ಕೆಲಸದ ನಡುವೆ ಯಾರೂ ಯಾರ ಮನೆಯ ಸುದ್ದಿಯನ್ನೂ ಆಡಲಿಲ್ಲ. ಹೂ ಕಟ್ಟುವಾಗ ಚಾಡಿ ಇಲ್ಲದಿದ್ದರೆ ನನಗೆ ಕೈ ಓಡುವುದಿಲ್ಲ. ಕೊನೆಗೆ ನಾನೇ ನನ್ನ ಹೆಡ್‌ಮಾಸ್ತರರ ವಿಷಯ ತೆಗೆದೆ. ರೇಣುಕಾ ಅನುವಾದಿಸಿದಳು, ಹೆಂಗಸರು ಬಿದ್ದು ಬಿದ್ದು ನಕ್ಕರು. ಆಮೇಲೆ ಅವರೂ ಬಾಯಿ ಬಿಟ್ಟರು. ಊರ ಬೇಕರಿಯವನ ಬಗ್ಗೆ ನನಗೆ ಈಗ ಗೊತ್ತಿರುವುದು ಅವನ ಹೆಂಡತಿಗೂ ಗೊತ್ತಿರಲಿಕ್ಕಿಲ್ಲ.

ಶುಕ್ರವಾರ, ಬೆಳಗಿನ ಐದು

ಮದುವೆಯ ದಿನ ಬೆಳಕು ಹರಿಯುತ್ತಲೇ ಶೆಡ್ಡಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಶೃಂಗಾರದ ಹೊತ್ತಿನಲ್ಲಿ ಯಾರೂ ನೋಡಬಾರದು ಎಂಬುದು ನನ್ನ ನಿಯಮ. ಟೇಪ್ ಇಲ್ಲ, ಗೋಂದು ಇಲ್ಲ. ಬಾಗಿಲಿನ ಹಿಡಿಕೆ, ಕನ್ನಡಿಯ ಕುತ್ತಿಗೆ, ವೈಪರ್, ಬಾನೆಟ್ಟಿನ ಸಂದು, ಎಲ್ಲೆಲ್ಲಿ ದಾರ ಸಿಕ್ಕಿಕೊಳ್ಳುತ್ತದೋ ಅಲ್ಲಲ್ಲಿ ಗಂಟು ಹಾಕಿ ಎಳೆದೆ. ಬದಿಗಳಲ್ಲಿ ಬಿಳಿ ಸೇವಂತಿಗೆ, ಹಿಂದೆ ಡೇರೆಹೂವಿನ ದೊಡ್ಡ ಚಕ್ರ. ಮುಂದಿನ ಗಾಜಿಗೆ ನನ್ನ ಪರದೆ. ಕಣ್ಣು ಮುಚ್ಚಿದರೂ ಕಟ್ಟಬಲ್ಲೆ, ಅಷ್ಟು ವರ್ಷದ ರೂಢಿ. ಕಿಂಡಿ ಬಿಟ್ಟೆ. ಅಂಗೈ ಅಗಲ ಮಾತ್ರ, ಇಷ್ಟು ಚಂದದ ಕಿಂಡಿ ನನ್ನ ಕೈಯಿಂದ ಹಿಂದೆ ಬಂದಿರಲಿಲ್ಲ. ಒಳಗೆ ಹಿಂದಿನ ಸೀಟಿಗೆ ಅಕ್ಕನ ಕಂಬಳಿ ಹಾಸಿದೆ.

ಹತ್ತು ಗಂಟೆಗೆ ಡೀಟರ್ ಬಂದು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಲೈಟು ನೋಡಿದ, ನಂಬರ್ ಪ್ಲೇಟು ನೋಡಿದ. ಬಣ್ಣದ ಮೇಲೆ ಬೆರಳಾಡಿಸಿದ. ಎದುರಿಗೆ ನಿಂತು ಕಿಂಡಿಯನ್ನೂ ನೋಡಿದ. ಕಿಂಡಿ ಇದೆ ಎಂದಷ್ಟೇ ನೋಡಿದ. ಎದುರಿಗೆ ನಿಂತವನಿಗೆ ಎಡಬಲ ಅದಲುಬದಲಾಗುವುದು ಜರ್ಮನಿಯಲ್ಲೂ ಉಂಟು. ಕೊನೆಗೆ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ರೇಣುಕಾ ಇಲ್ಲದ್ದರಿಂದ ಏನು ಹೇಳಿದನೆಂದು ತಿಳಿಯಲಿಲ್ಲ, ಆದರೆ ನನ್ನ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ. ನಾನು ಉಬ್ಬಿಹೋದೆ.

ಹತ್ತೂ ನಲವತ್ತು

ನೋಂದಣಿ ಕಚೇರಿಯಲ್ಲಿ ನಮ್ಮ ಸರದಿ ಹನ್ನೊಂದಕ್ಕೆ. ಹನ್ನೊಂದೂ ಇಪ್ಪತ್ತಕ್ಕೆ ಮತ್ತೊಂದು ಜೋಡಿ. ತಡವಾದರೆ ಮುಂದಿನ ಸರದಿಗೆ ಎಷ್ಟು ವಾರ ಕಾಯಬೇಕೋ ಎಂದು ಹೆಲ್ಗಾ ಬೆಳಗಿನಿಂದ ನಾಲ್ಕು ಸಲ ಹೇಳಿದ್ದಳು. ಅತಿಥಿಗಳು ಹತ್ತೂವರೆಗೆ ಬರಬೇಕಿತ್ತು. ಹತ್ತೂ ಇಪ್ಪತ್ಮೂರಕ್ಕೇ ಬಂದು, ಬೀದಿಯ ತುದಿಯಲ್ಲಿ ಕಾರು ನಿಲ್ಲಿಸಿಕೊಂಡು, ಹತ್ತೂವರೆ ಆಗುವುದನ್ನು ಕಾದು ಒಳಗೆ ಬಂದರು. ನಮ್ಮಲ್ಲಿ ಹಾಗೆ ಕಾಯುವುದು ಊಟದ ಪಂಕ್ತಿಗೆ ಮಾತ್ರ.

ರೇಣುಕಾ ಹಸಿರು ರೇಷ್ಮೆ ಸೀರೆಯಲ್ಲಿ ಬಂದು ಕಂಬಳಿಯ ಮೇಲೆ ಕೂತಳು. ಪಕ್ಕದಲ್ಲಿ ಯೋನಾಸ್. ಡೀಟರ್ ಸ್ಟೇರಿಂಗಿಗೆ ಕೂತ. ನಾನು ಅವನ ಬಲಕ್ಕೆ ಕೂತು ಬಾಗಿಲು ಹಾಕಿದೆ.

ನನ್ನ ಕಣ್ಣೆದುರಿಗೆ ಕಿಂಡಿ. ಬೀದಿ, ಮರ, ಅತಿಥಿಗಳ ಬಿಳಿ ರಿಬ್ಬನ್ನು, ಎಲ್ಲ ಸೊಗಸಾಗಿ ಕಾಣುತ್ತಿತ್ತು. ಕಾರು ಮಾತ್ರ ಹೊರಡಲಿಲ್ಲ. ಡೀಟರ್ ಎರಡು ಕೈ ಸ್ಟೇರಿಂಗಿನ ಮೇಲಿಟ್ಟು ಎದುರಿಗೆ ನೋಡುತ್ತಿದ್ದ. ಆಮೇಲೆ ಮೆಲ್ಲಗೆ ಏನೋ ಹೇಳಿದ.

"ಮಾಮಾ," ಎಂದಳು ಹಿಂದಿನಿಂದ ರೇಣುಕಾ. "ಬರೇ ಹೂವ ಕಾಣಾಕತ್ಯಾವಂತ. ರಸ್ತೆ ಕಾಣವಲ್ದಂತ."

ರಾಯಚೂರು ಜಿಲ್ಲೆಯ ಡ್ರೈವರುಗಳೆಲ್ಲ ಬಲಕ್ಕೆ ಕೂರುತ್ತಾರೆ. ಡೀಟರ್ ಎಡಕ್ಕೆ ಕೂತಿದ್ದ. ನನ್ನ ಕೈ ಮಾನ್ವಿಯದು, ಅದು ಮಾನ್ವಿಯ ಕಡೆಗೇ ಕಿಂಡಿ ಬಿಟ್ಟಿತ್ತು. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಬೇಕು ಅನ್ನಿಸಿತು.

ಅದೇ ಹೊತ್ತಿಗೆ ರೇಣುಕಾಳ ಫೋನು ರಿಂಗಾಯಿತು. ದೇವದುರ್ಗದಲ್ಲಿ ಎರಡು ಗಂಟೆ ಹತ್ತು ನಿಮಿಷ, ಊಟ ಮುಗಿಸಿಕೊಂಡು ಓಣಿಗೆ ಓಣಿಯೇ ಅಕ್ಕನ ಪಡಸಾಲೆಯಲ್ಲಿ ಸೇರಿತ್ತು. ನಾನು ಫೋನು ಕಸಿದುಕೊಂಡು ಇಳಿದೆ. ಕಾರಿನ ಹಿಂಭಾಗ ತೋರಿಸಿದೆ, ಬದಿ ತೋರಿಸಿದೆ. ಆ ಕಡೆಯಿಂದ ಆಹಾ ಆಹಾ ಎಂಬ ಸದ್ದು ಬರುತ್ತಿತ್ತು. ಅಕ್ಕನ ಮುಖ ಅರಳಿತ್ತು.

"ಮುಂದ ತೋರ್ಸು," ಎಂದಳು.

"ನೆಟ್‌ವರ್ಕ್ ಸರಿ ಇಲ್ಲ ಯಕ್ಕಾ."

"ನಿನ್ನ ಮೂಗಿನ ಮ್ಯಾಲಿನ ಬೆವರ ಹನಿ ಸೈತ ಕಾಣಾಕತ್ತದ. ಏನಾಗ್ಯಾದ ಹೇಳು."

ಹೇಳಿದೆ. ಸುಳ್ಳು ಹೇಳುವುದಕ್ಕೆ ಹೊತ್ತೂ ಇರಲಿಲ್ಲ, ಬಾಯಿಯೂ ಬರಲಿಲ್ಲ. ಪರದೆ ಕೀಳಬೇಕು ಯಕ್ಕಾ, ಇಲ್ಲದಿದ್ದರೆ ಕಾರು ಹೊರಡಂಗಿಲ್ಲ ಎಂದೆ. ಮದುಮಗಳು ಕೂತ ಮೇಲೆ ಕಾರಿನ ಹೂ ಕೀಳುವುದನ್ನು ನಮ್ಮ ಕಡೆ ಯಾರೂ ಕಂಡವರಿಲ್ಲ. ಹಿಂದೆ ಯಾರೋ ಅಪಶಕುನ ಎಂದು ಪಿಸುಗುಟ್ಟಿದ್ದು ಇಲ್ಲಿಯವರೆಗೂ ಕೇಳಿತು. ಯೋನಾಸ್ ತನ್ನ ಗೆಳೆಯನ ಕಾರು ತರುತ್ತೇನೆ ಎಂದು ಇಳಿದ. ಡೀಟರ್ ಗಡಿಯಾರ ನೋಡಿಕೊಂಡ. ನನಗೆ ಅಳು ಬಂದಿತ್ತು. ಅಷ್ಟು ದೂರ ಹೋಗಿ, ಅಕ್ಕ ಕೇಳಿದ ಒಂದೇ ಒಂದು ಕೆಲಸವನ್ನು ಕೆಡಿಸಿದೆನಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂದಿತ್ತು.

"ಅಳಬ್ಯಾಡ ಸುಮ್ನಿರು," ಎಂದಳು ಅಕ್ಕ. ಆಮೇಲೆ ದನಿ ಏರಿಸಿ, "ರೇಣುಕಾ, ಅಲ್ಲಿ ಹಾರ ಅದಾವೇನು?"

"ಯಾವ ಹಾರ ಯವ್ವಾ?"

"ಕೊರಳಿಗೆ ಹಾಕ್ಕೊಳ್ಳೋ ಹಾರ. ನಿಮ್ಮ ಮಾಮಾ ಮಾಡ್ಯಾನೇನು?"

ರೇಣುಕಾ ನನ್ನ ಮುಖ ನೋಡಿದಳು. ನಾನು ಡೀಟರನ ಮುಖ ನೋಡಿದೆ. ಹನ್ನೊಂದು ಬುಟ್ಟಿ ಹೂವಿನಲ್ಲಿ ಕಾರಿನ ಹಿಡಿಕೆಗೂ ಹೂ ಕಟ್ಟಿದ್ದೆ. ಮದುಮಕ್ಕಳ ಎರಡು ಕೊರಳು ನನಗೆ ನೆನಪೇ ಆಗಿರಲಿಲ್ಲ.

"ಕಾರಿಗೇ ಲಗ್ನ ಮಾಡಾಕ ಹೋಗಿಯೇನಲೇ?" ಎಂದಳು ಅಕ್ಕ. ಪಡಸಾಲೆಯೆಲ್ಲ ಗೊಳ್ಳೆಂದಿತು. "ಹರಿ ಆ ಪರದಿ. ನೆಲಕ್ಕ ಬೀಳಗೊಡಬ್ಯಾಡ. ಎರಡು ಪಾಲು ಮಾಡು. ಜಲ್ದಿ!"

ರೇಣುಕಾ ಕಿಟಕಿಯಿಂದಲೇ ಅದನ್ನು ಜರ್ಮನ್ ಭಾಷೆಗೆ ದಾಟಿಸಿದಳು. ಹೆಲ್ಗಾ ಓಡಿಬಂದು ಹೊಸ ಲಂಗದ ಮಡಿಲು ಚಾಚಿದಳು. ಹೂ ಕಟ್ಟಿದ ಹೆಂಗಸರು ನಾಲ್ಕೂ ಕಡೆಯಿಂದ ಗಂಟು ಬಿಚ್ಚಲು ಬಿದ್ದರು. ಡೀಟರ್ ಶೆಡ್ಡಿನಿಂದ ಕತ್ತರಿ ತಂದು, ಕಾರಿಗೆ ತಗಲದಂತೆ ಅಂಗೈ ಅಡ್ಡಹಿಡಿದು, ಒಂದೊಂದೇ ದಾರ ಕತ್ತರಿಸಿದ. ನಾಲ್ಕು ನಿಮಿಷದಲ್ಲಿ ಗಾಜು ಬೋಳಾಯಿತು. ಯೋನಾಸ್ ಮರಳಿ ಹತ್ತಿ ಕೂತ, ಕಾರು ಹೊರಟಿತು. ಹಿಂದೆ ಹಾರ್ನುಗಳು ಶುರುವಾದವು. ನಾನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಹೂವಿನ ರಾಶಿ ಹಾಕಿಕೊಂಡು, ಜೀವನದಲ್ಲೇ ಮೊದಲ ಸಲ ಅಳತೆಯಿಲ್ಲದೆ ಎರಡು ಹಾರ ಗಂಟು ಹಾಕಿದೆ. ಒಂದು ಯೋನಾಸನ ಮೊಣಕಾಲಿಗೆ ಬರುವಷ್ಟು ಉದ್ದವಾಯಿತು, ಇನ್ನೊಂದು ಗಿಡ್ಡ.

ಕಚೇರಿ

ಹನ್ನೊಂದಕ್ಕೆ ಎರಡು ನಿಮಿಷ ಇದ್ದಾಗ ಒಳಗೆ ಹೋದೆವು. ನೋಂದಣಿ ಅಧಿಕಾರಿ ದಪ್ಪ ಕನ್ನಡಕದ ಹೆಂಗಸು. ಅವಳು ಓದಿದಳು, ಇಬ್ಬರೂ ಹೌದೆಂದರು, ಉಂಗುರ ಹಾಕಿಕೊಂಡರು, ಸಹಿ ಹಾಕಿದರು. ಎಲ್ಲ ಸೇರಿ ನಮ್ಮಲ್ಲಿ ಭಟ್ಟರು ಗಂಟಲು ಸರಿಮಾಡಿಕೊಳ್ಳುವಷ್ಟು ಹೊತ್ತು. ಡೀಟರ್ ಫೋನನ್ನು ಎದೆಯ ಮಟ್ಟಕ್ಕೆ ನೆಟ್ಟಗೆ ಹಿಡಿದು ದೇವದುರ್ಗಕ್ಕೆ ಎಲ್ಲವನ್ನೂ ತೋರಿಸುತ್ತಿದ್ದ. ಸಹಿಯನ್ನು ಓಣಿಯವರು ಮದುವೆ ಎಂದುಕೊಳ್ಳಲಿಲ್ಲ ಎಂಬುದು ಅಕ್ಕನ ಬಿಗಿದ ತುಟಿಯಲ್ಲೇ ಕಾಣುತ್ತಿತ್ತು.

ಅಧಿಕಾರಿ ಫೈಲು ಮುಚ್ಚಿ ಎದ್ದಳು. ರೇಣುಕಾ ಅವಳಿಗೆ ಏನೋ ಹೇಳಿದಳು. ಆಕೆ ಗೋಡೆಯ ಗಡಿಯಾರ ನೋಡಿದಳು, ನನ್ನ ತೋಳಿನ ಮೇಲಿನ ಹೂವು ನೋಡಿದಳು.

"ಮೂರು ನಿಮಿಷ ಅದ ಅಂತಾರ ಮಾಮಾ," ಎಂದಳು ರೇಣುಕಾ.

ನಾನು ಹಾರ ಕೊಟ್ಟೆ. ಯೋನಾಸ್ ಮತ್ತೆ ಬಗ್ಗಿದ. ರೇಣುಕಾ ಅವನ ಕೊರಳಿಗೆ ಹಾಕಿದಳು, ಅವನು ಅವಳ ಕೊರಳಿಗೆ ಹಾಕಿದ. ಐದೈದು ಮಿಲಿಮೀಟರಿನ ಆ ಚೆಂಡುಹೂಗಳು ಇಬ್ಬರ ಮೇಲೂ ಅಡ್ಡಾದಿಡ್ಡಿ ಜೋಲಾಡಿದವು.

ಫೋನಿನಲ್ಲಿ ಒಮ್ಮೆಲೇ ಗದ್ದಲವೆದ್ದಿತು. "ಹಾಕ್ರಿ, ಹಾಕ್ರಿ!" ಎಂದು ಅಕ್ಕ ಕೂಗುತ್ತಿದ್ದಳು. ನಾನು ಬಗ್ಗಿ ನೋಡಿದೆ. ಅಕ್ಕನೂ ಕಾಣಲಿಲ್ಲ, ಓಣಿಯೂ ಕಾಣಲಿಲ್ಲ. ಅಲ್ಲಿ ಅಕ್ಕನ ಫೋನನ್ನು ಮಣೆಯ ಮೇಲೆ ಅಂಗಾತ ಇಟ್ಟು, ಸುತ್ತ ನಿಂತು, ಮದುಮಕ್ಕಳ ತಲೆಯ ಮೇಲೆಂದುಕೊಂಡು ಅದರ ಗಾಜಿನ ಮೇಲೆಯೇ ಅಕ್ಷತೆ ಸುರಿಯುತ್ತಿದ್ದರು. ಹಳದಿ ಅಕ್ಕಿ ಪಟಪಟ ಬಿದ್ದು ಪರದೆಯೆಲ್ಲ ಮುಚ್ಚಿಹೋಯಿತು. ಅದರಡಿಯಿಂದ ಅಕ್ಕನ ಅಳುವೂ ನಗುವೂ ಒಟ್ಟಿಗೆ ಬರುತ್ತಿತ್ತು. "ಆತು ನೋಡ್ರೆವ್ವಾ, ನನ್ನ ಮಗಳ ಮದುವಿ ಆತು!"

ಡೀಟರ್ ಗಾಬರಿಯಾಗಿ ಜೇಬಿನಿಂದ ಕರವಸ್ತ್ರ ತೆಗೆದ. ಫೋನಿನ ಗಾಜನ್ನು ಮೆಲ್ಲಗೆ ಒರೆಸಿದ. ಅಕ್ಕಿ ಹೋಗಲಿಲ್ಲ. ಮತ್ತೆ ಒರೆಸಿದ.